ಲಗಾಮು ಎಳೆದಷ್ಟೂ ಜೋರಾಗಿ ಓಡುವ ಕುದುರೆ: ನನ್ನ ತಪ್ಪು ಎಲ್ಲಿದೆ?

ಮೈಸೂರು ಟೀಚರ್:
ನಮಸ್ಕಾರ. ನನಗೆ 43 ವರ್ಷ. ಎಂಟು ತಿಂಗಳಿಂದ ಸವಾರಿ ಕಲಿಯುತ್ತಿದ್ದೇನೆ, ಬುಧವಾರ ಮತ್ತು ಭಾನುವಾರ. ಮೊದಲು ಒಂದು ವಯಸ್ಸಾದ ಹೆಣ್ಣು ಕುದುರೆ ಕೊಟ್ಟಿದ್ದರು. ಪಾಪ, ನಾನು ಏನು ಮಾಡಿದರೂ ಸಹಿಸಿಕೊಂಡು ನಡೆಯುತ್ತಿತ್ತು. ಈಗ ಬಾದಲ್ ಸಿಕ್ಕಿದ್ದಾನೆ. ಒಂಬತ್ತು ವರ್ಷ, ಕಂದು ಬಣ್ಣ, ರೇಸ್ ಬಿಟ್ಟು ಬಂದ ಥರೋಬ್ರೆಡ್. ನಡಿಗೆಯಲ್ಲಿ ಬಂಗಾರ. ಟ್ರಾಟ್, ಅಂದರೆ ಕುಲುಕು ಓಟ, ಶುರುವಾದರೆ ಮಾತ್ರ ನಾಲ್ಕು ಹೆಜ್ಜೆಗೇ ವೇಗ ಏರುತ್ತದೆ. ಲಗಾಮು ಎಳೆದರೆ ಇನ್ನೂ ಜೋರು. ಹೋದ ವಾರ ಎರಡೂ ಉಂಗುರ ಬೆರಳಲ್ಲಿ ಬೊಬ್ಬೆ ಬಂದಿದೆ. ಹತ್ತುವಾಗಲೂ ನಿಲ್ಲುವುದಿಲ್ಲ. ಇನ್ನೂ ಗಟ್ಟಿ ಕಡಿವಾಣ (ಲಗಾಮಿಗೆ ಸೇರಿದ, ಬಾಯೊಳಗಿನ ಕಬ್ಬಿಣ) ಹಾಕಿಸಿ ಅಂತ ಜೊತೆಗೆ ಕಲಿಯುವವರು ಹೇಳುತ್ತಾರೆ. ನನಗೆ ಮನಸ್ಸು ಬರುತ್ತಿಲ್ಲ. ಏನು ಮಾಡಲಿ?

ಹಳೇ ಸವಾರ:
ಮೇಡಂ, ಮನಸ್ಸು ಬರದಿದ್ದದ್ದೇ ಒಳ್ಳೆಯದಾಯಿತು. ನಾನು ಮೈಸೂರಿನ ಅಶ್ವಾರೋಹಿ ಪೊಲೀಸ್ ದಳದಲ್ಲಿ ಇದ್ದು ನಿವೃತ್ತನಾದವನು. ನೀವು ಹೇಳುವ ಥರದ ಕುದುರೆ ಬೇಕಾದಷ್ಟು ನೋಡಿದ್ದೇನೆ.

ರೇಸ್ ಕುದುರೆಯನ್ನು ಎರಡು ವರ್ಷಕ್ಕೇ ಓಟಕ್ಕೆ ಇಳಿಸುತ್ತಾರೆ. ಓಡುವಾಗ ಜಾಕಿ ಲಗಾಮು ಬಿಗಿಯಾಗಿ ಹಿಡಿದಿರುತ್ತಾನೆ, ಕುದುರೆ ಆ ಹಿಡಿತಕ್ಕೆ ಬಾಯಿ ಆನಿಸಿಕೊಂಡು ಓಡುತ್ತದೆ. ನೀವು ಎಳೆದು ‘ನಿಲ್ಲು’ ಅನ್ನುತ್ತೀರಿ. ಅದಕ್ಕೆ ಕೇಳಿಸುವುದು ‘ಓಡು’ ಅಂತ. ಹತ್ತುವಾಗಿನ ಕಥೆಯೂ ಅದೇ. ಜಾಕಿಯ ಕಾಲು ಹಿಡಿದು ಎತ್ತಿ ಕೂರಿಸುತ್ತಾರೆ, ಎಷ್ಟೋ ಸಲ ಕುದುರೆ ನಡೆಯುತ್ತಿರುವಾಗಲೇ. ನಿಂತು ಕಾಯಬೇಕು ಅಂತ ಬಾದಲ್‌ಗೆ ಯಾರೂ ಕಲಿಸಿರಲಿಕ್ಕಿಲ್ಲ.

ಇನ್ನೊಂದು ವಿಷಯ. ವೇಗ ಏರಿದಾಗ ಹೆದರಿ ಮಂಡಿ, ಮೀನಖಂಡ ಎರಡನ್ನೂ ಅಮುಕಿ ಹಿಡಿಯುತ್ತೀರಿ, ಅಲ್ವಾ? ಕಾಲು ‘ಹೋಗು’ ಅನ್ನುತ್ತಿದೆ, ಕೈ ‘ಬೇಡ’ ಅನ್ನುತ್ತಿದೆ. ಪ್ರಾಣಿ ಯಾರ ಮಾತು ಕೇಳಬೇಕು?

ಕಡಿವಾಣ ಎಲ್ಲಿ ಕೂರುತ್ತದೆ ಅಂತ ಒಮ್ಮೆ ಬಾಯಿ ತೆರೆಸಿ ನೋಡಿ. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಖಾಲಿ ಜಾಗ ಇದೆ. ಬರೀ ವಸಡು, ಅದರ ಕೆಳಗೇ ಮೂಳೆ. ನಿಮ್ಮ ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆಯನ್ನು ಒಂದು ಸ್ಪೂನಿನ ಹಿಡಿಯಿಂದ ಒತ್ತಿ ನೋಡಿ, ಗೊತ್ತಾಗುತ್ತದೆ. ಅಲ್ಲಿ ಇನ್ನೂ ಗಟ್ಟಿ ಕಬ್ಬಿಣ ಹಾಕಬೇಕಾ?

ನೇರ ಗೆರೆಯಲ್ಲಿ ಟ್ರಾಟ್ ಮಾಡಿಸಬೇಡಿ. 20 ಮೀಟರ್ ವೃತ್ತದಲ್ಲಿ ಸುತ್ತಿಸಿ, ಸುತ್ತುವಾಗ ವೇಗ ತಾನಾಗಿ ತಗ್ಗುತ್ತದೆ. ವೇಗ ಏರಿದರೆ ಮೊದಲು ಉಸಿರು ಬಿಡಿ. ಮಂಡಿ ಸಡಿಲಿಸಿ. ವೃತ್ತದ ಹೊರಬದಿಯ ಲಗಾಮನ್ನು ಒದ್ದೆ ಸ್ಪಂಜು ಹಿಂಡಿದ ಹಾಗೆ ಹಿಂಡಿ. ಕುದುರೆ ಕೂದಲೆಳೆಯಷ್ಟು ನಿಧಾನವಾದರೂ ಆ ಕ್ಷಣವೇ ಬೆರಳು ಸಡಿಲ ಬಿಡಬೇಕು. ಬಿಟ್ಟಾಗಲೇ ಅದಕ್ಕೆ ‘ಓ, ಇದು ಬೇಕಿತ್ತು’ ಅಂತ ತಿಳಿಯುವುದು. ಎರಡು ಸೆಕೆಂಡ್ ತಡವಾದರೆ ಯಾವುದಕ್ಕೆ ಬಿಟ್ಟಿರಿ ಅಂತ ಗೊತ್ತಾಗುವುದಿಲ್ಲ. ಟ್ರಾಟ್‌ನಲ್ಲಿ ಹೆಜ್ಜೆಯ ತಾಳಕ್ಕೆ ಜೀನಿನಿಂದ ಎದ್ದು ಕೂರುವುದನ್ನೂ ನೀವೇ ನಿಧಾನ ಮಾಡಿ, ಅದು ನಿಮ್ಮ ತಾಳಕ್ಕೆ ಬರುತ್ತದೆ.

ದಸರೆಗೆ ಮುಂಚೆ ಆನೆ, ಕುದುರೆಗಳಿಗೆ ಕುಶಾಲತೋಪಿನ ತಾಲೀಮು ಇರುತ್ತದಲ್ಲ, ನನ್ನ ಮೊದಲ ವರ್ಷ ಫಿರಂಗಿ ಸಿಡಿದ ತಕ್ಷಣ ನಾನು ಲಗಾಮು ಎದೆಗೆ ಎಳೆದುಕೊಂಡೆ. ಕುದುರೆ ಮುಂಗಾಲು ಎತ್ತಿತು. ‘ಕೈ ಬಿಡೋ, ಕೈ ಬಿಡು!’ ಅಂತ ಹಿಂದಿನಿಂದ ಹಿರಿಯರು ಕೂಗಿದರು. ಬಿಟ್ಟೆ. ನಾಲ್ಕೂ ಕಾಲು ನೆಲಕ್ಕೆ ಬಂತು. ಆ ಕೂಗು ಇವತ್ತಿಗೂ ಕಿವಿಯಲ್ಲಿದೆ.

ಹಾಸನದ ಪಶುವೈದ್ಯೆ:
ಸರ್ ಹೇಳಿದ್ದು ಸರಿ. ಆದರೆ ಅದಕ್ಕೂ ಮೊದಲು ಹಲ್ಲು ತೋರಿಸಿ. ಕುದುರೆಯ ಹಲ್ಲು ವಸಡಿನಿಂದ ಹೊರಬರುತ್ತಲೇ ಇರುತ್ತದೆ. ಮೇಲಿನ ದವಡೆ ಅಗಲ, ಕೆಳಗಿನದು ಕಿರಿದು, ಹಾಗಾಗಿ ಅಂಚು ಸಮನಾಗಿ ಸವೆಯದೆ ಬ್ಲೇಡಿನಂತಾಗಿ ಕೆನ್ನೆಗೆ ಚುಚ್ಚುತ್ತದೆ. ವರ್ಷಕ್ಕೊಮ್ಮೆಯಾದರೂ ನೋಡಿಸಿ ಅರದಿಂದ ಉಜ್ಜಿಸಬೇಕು. ಜೀನು ತೆಗೆದ ಮೇಲೆ ಬೆನ್ನೆಲುಬಿನ ಎರಡೂ ಪಕ್ಕ ಬೆರಳಿಂದ ಒತ್ತುತ್ತಾ ಬನ್ನಿ. ಬೆನ್ನು ಕುಗ್ಗಿಸಿದರೆ ಅಥವಾ ಕಿವಿ ಹಿಂದಕ್ಕೆ ಮಡಚಿದರೆ ನೋವಿದೆ ಅಂತ. ಓಟ್ಸ್, ಹುರುಳಿ ಎಷ್ಟು ಹಾಕುತ್ತಾರೆ ಕೇಳಿ. ವಾರಕ್ಕೆ ನಾಲ್ಕು ಗಂಟೆ ಕೆಲಸ ಮಾಡುವ ಕುದುರೆಗೆ ರೇಸಿನ ಮೇವು ಬೇಡ, ಹುಲ್ಲು ಜಾಸ್ತಿ ಇರಲಿ.

ಬೆಂಗಳೂರು ಹುಡುಗ:
ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದಿದ್ದು ಈವೆಂಟಿಂಗ್‌ನಲ್ಲಿ, ಅಂದರೆ ಒಂದೇ ಕುದುರೆ ಮೂರು ಪರೀಕ್ಷೆ ದಾಟಬೇಕಾದ ಸ್ಪರ್ಧೆಯಲ್ಲಿ. ಅದರಲ್ಲಿ ಮೊದಲು ಡ್ರೆಸಾಜ್, ಅಂದರೆ ಶಿಸ್ತಿನ ನಡೆ ತೋರಿಸುವುದು. ಕ್ರಾಸ್ ಕಂಟ್ರಿಯಲ್ಲಿ, ಅಂದರೆ ಬಯಲಲ್ಲಿ ಅಡೆತಡೆ ಹಾರುತ್ತಾ, ಬಿರುಸಾಗಿ ಓಡುವ ಕುದುರೆಯೇ ಮೊದಲು ಶಾಂತವಾಗಿ ವೃತ್ತ ಸುತ್ತಿ ತೋರಿಸಬೇಕು. ಆದ್ದರಿಂದ ವೃತ್ತದ ಅಭ್ಯಾಸ ಬೇಸರ ಅಂತ ಬಿಡಬೇಡಿ ಅಕ್ಕಾ.

ಮೈಸೂರು ಟೀಚರ್:
ಮೂರು ವಾರ ಆಯಿತು, ಬರೆಯಲೇಬೇಕು ಅನ್ನಿಸಿತು. ಬಲಗಡೆ ಮೇಲಿನ ಹಲ್ಲು ಚೂಪಾಗಿತ್ತು, ಕೆನ್ನೆಯೊಳಗೆ ಗಾಯ ಇತ್ತು! ಉಜ್ಜಿಸಿದೆವು. ಒಂದು ವಾರ ಅವನಿಗೆ ರಜೆ. ಆಮೇಲೆ ನಮ್ಮ ಗುರುಗಳು ಉದ್ದ ಹಗ್ಗದಲ್ಲಿ ಅವನನ್ನು ಸುತ್ತಿಸಿದರು. ನಾನು ಮೇಲೆ ಸೊಂಟಕ್ಕೆ ಕೈ ಇಟ್ಟುಕೊಂಡು ಕೂತಿದ್ದೆ, ಲಗಾಮೇ ಇಲ್ಲದೆ. ಆಗ ಗೊತ್ತಾಯಿತು, ನಾನು ಇಷ್ಟು ದಿನ ಲಗಾಮು ಹಿಡಿದೇ ಸಮತೋಲ ಕಾಯ್ದುಕೊಳ್ಳುತ್ತಿದ್ದೆ ಅಂತ.

ಈ ಭಾನುವಾರ ಲಗಾಮು ಕೈಗೆ ಕೊಟ್ಟರು. ಮೂರನೇ ಸುತ್ತಿಗೆ ಬಾದಲ್ ವೇಗ ಏರಿಸಿದ. ಉಸಿರು ಬಿಟ್ಟೆ, ಹಿಂಡಿದೆ. ಅವನ ಎಡಗಿವಿ ನನ್ನ ಕಡೆ ತಿರುಗಿತು. ಒಂದು ಹೆಜ್ಜೆ ಸಣ್ಣದಾಯಿತು. ಬೆರಳು ಬಿಟ್ಟೆ. ಅವನು ಮೂಗಿನಿಂದ ಬುಸ್ ಅಂತ ಗಾಳಿ ಬಿಟ್ಟು ಕತ್ತು ಇಳಿಸಿದ, ಹಾಗೇ ಇಡೀ ಸುತ್ತು ಬಂದ. ಕಣ್ಣಲ್ಲಿ ನೀರು ಬಂತು ಸರ್.

ಹತ್ತುವಾಗ ಮಾತ್ರ ಇನ್ನೂ ನಿಲ್ಲುತ್ತಿಲ್ಲ.

ಹಳೇ ಸವಾರ:
ತುಂಬಾ ಸಂತೋಷ ಆಯಿತು ಮೇಡಂ. ಇನ್ನು ಹತ್ತುವುದು. ಕಟ್ಟೆ ಪಕ್ಕ ನಿಲ್ಲಿಸಿ, ರಿಕಾಪಿಗೆ ಕಾಲು ಇಡಿ, ಅಷ್ಟೇ. ನಿಂತರೆ ಕತ್ತು ಸವರಿ ಕಾಲು ತೆಗೆಯಿರಿ. ಹೊರಟರೆ ಬೈಯದೆ ಮತ್ತೆ ಅದೇ ಜಾಗಕ್ಕೆ ತಂದು ನಿಲ್ಲಿಸಿ. ಮೊದಲ ದಿನ ಹತ್ತಲೇ ಬೇಡಿ. ಎರಡನೇ ದಿನ ಹತ್ತಿ, ಹತ್ತು ಎಣಿಸಿ, ಇಳಿದುಬಿಡಿ.