ಸ್ವೆಟರ್‌ನ ಮೈಯಲ್ಲಿ ಬಣ್ಣ ಮಡುಗಟ್ಟುತ್ತಿದೆ (ಒಂದೇ ಕಡೆ ಗುಂಪಾಗುತ್ತಿದೆ), ಬಿಚ್ಚದೆ ಸರಿ ಮಾಡಬಹುದೇ?

ಉಲ್ಲನ್‌ಬುಟ್ಟಿ:
ಕುತ್ತಿಗೆಯಿಂದ ಕೆಳಕ್ಕೆ ಹೆಣೆಯುವ, ತೋಳಿನ ಗೆರೆ ಕುತ್ತಿಗೆಯಿಂದ ಕಂಕುಳಿಗೆ ಓರೆಯಾಗಿ ಬರುವ ರ‍್ಯಾಗ್ಲನ್ ಸ್ವೆಟರ್. ಕೈಯಲ್ಲಿ ಬಣ್ಣ ಹಾಕಿದ ಮೆರಿನೋ ಉಲ್ಲನ್, 100 ಗ್ರಾಂನ 4 ಲಡಿ (ಉದ್ದ ಸುತ್ತುಗಳ ಕಟ್ಟು). ನೀಲಿ, ಬೂದು, ಸಾಸಿವೆ ಹಳದಿ. ಕಡ್ಡಿ 4 ಮಿ.ಮೀ., 10 ಸೆಂ.ಮೀ.ಗೆ 22 ಸ್ಟಿಚ್. ಭುಜದ ಭಾಗದಲ್ಲಿ ಬಣ್ಣ ಚೆನ್ನಾಗಿ ಬೆರೆತಿದೆ. ತೋಳು ಬೇರೆ ಮಾಡಿ ಮೈಗೆ 196 ಸ್ಟಿಚ್ ಉಳಿದ ಮೇಲೆ ಹಳದಿಯೆಲ್ಲ ಎದೆಯ ಮೇಲೊಂದು, ಬೆನ್ನ ಮೇಲೊಂದು ಪಟ್ಟೆಯಾಗಿ ಓರೆಗೆ ಇಳಿಯುತ್ತಿದೆ. 12 ಸೆಂ.ಮೀ. ಆಗಿದೆ. ಒಗೆದರೆ ಹೋಗುತ್ತದೆಯೇ?

ನಿಟ್‌ಪರ್ಲ್:
ಒಗೆದರೆ ಹೋಗುವುದಿಲ್ಲ. ಲಡಿಯ ಒಂದು ಸುತ್ತು ಸುಮಾರು 1.5 ಮೀಟರ್ ಇದ್ದರೆ ಬಣ್ಣಗಳು ಅಷ್ಟಷ್ಟು ದೂರಕ್ಕೆ ಮರುಕಳಿಸುತ್ತವೆ. ನಿಮ್ಮ ಅಳತೆಯಲ್ಲಿ ಒಂದು ಸ್ಟಿಚ್‌ಗೆ ಹತ್ತಿರ ಹತ್ತಿರ 1.5 ಸೆಂ.ಮೀ. ಉಲ್ಲನ್ ಬೇಕು. ಹಳದಿ ಶುರುವಾದಲ್ಲಿಂದ ಮುಂದಿನ ಹಳದಿಯ ತನಕ ಸ್ಟಿಚ್ ಎಣಿಸಿ ನೋಡಿ, 97ರ ಆಸುಪಾಸು ಬರಬೇಕು. ಹಳದಿಯಿಂದ ಹಳದಿಗೆ ಒಂದು ಆವರ್ತ; ಎರಡು ಆವರ್ತಕ್ಕೆ 194, ನಿಮ್ಮದು 196. ಹಾಗಾಗಿ ಪ್ರತಿ ರೌಂಡಿಗೆ ಬಣ್ಣ ಎರಡೇ ಸ್ಟಿಚ್ ಸರಿಯುತ್ತಿದೆ. ಭುಜದಲ್ಲಿ ಸ್ಟಿಚ್ ಹೆಚ್ಚುತ್ತಲೇ ಇದ್ದುದರಿಂದ ಬಣ್ಣಕ್ಕೆ ಒಂದೇ ಕಡೆ ನಿಲ್ಲಲು ಆಗಲಿಲ್ಲ.

ಸರಿ ಮಾಡಲು ಮೈ ಬಿಚ್ಚಿ ಮತ್ತೆ ಹೆಣೆಯಿರಿ. ತೋಳು ಬೇರೆಯಾದ ರೌಂಡಿನಲ್ಲಿ 3 ಮಿ.ಮೀ. ಸರ್ಕ್ಯುಲರ್ ಕಡ್ಡಿಯನ್ನು (ತಂತಿಯಿಂದ ಜೋಡಿಸಿದ ಜೋಡಿ ಕಡ್ಡಿ) ಪ್ರತಿ ಸ್ಟಿಚ್‌ನ ಬಲಗಾಲಿನೊಳಗೆ (V ಆಕಾರದ ಬಲಗಡೆಯ ಎಳೆಯೊಳಗೆ) ತೂರಿಸಿ, ಆಮೇಲೆ ಆ ಕಡ್ಡಿಯ ತನಕ ಬಿಚ್ಚಿ; ಸ್ಟಿಚ್ ಜಾರದೆ ಅದರಲ್ಲೇ ನಿಲ್ಲುತ್ತವೆ. ಎರಡು ಉಂಡೆ ಇಟ್ಟುಕೊಂಡು ರೌಂಡಿಗೊಂದರಂತೆ ಹೆಣೆಯಿರಿ. ಇನ್ನೊಂದು ಉಂಡೆಯ ಎಳೆ ನೇತಾಡುವ ಜಾಗಕ್ಕೆ 3 ಸ್ಟಿಚ್ ಮೊದಲೇ ನಿಲ್ಲಿಸಿ, ಆ ಮೂರನ್ನು ಹೆಣೆಯದೆ ಪರ್ಲ್ ದಿಕ್ಕಿನಲ್ಲಿ (ಉಲ್ಟಾ ಸ್ಟಿಚ್‌ಗೆ ಕಡ್ಡಿ ತೂರಿಸುವಂತೆ, ತಿರುಚದೆ) ಬಲಗಡ್ಡಿಗೆ ಜಾರಿಸಿ, ನೇತಾಡುವ ಎಳೆಯಿಂದ ಮುಂದುವರಿಸಿ. ಎಳೆಗಳನ್ನು ಹೊಸೆಯಬೇಡಿ, ಬಿಗಿ ಎಳೆಯಬೇಡಿ. ಎಳೆದರೆ ಅಲ್ಲಿ ಸುಕ್ಕು ನಿಲ್ಲುತ್ತದೆ.

ಉಲ್ಲನ್‌ಬುಟ್ಟಿ:
ಎಣಿಸಿದೆ, 97 ಸರಿ. ಎರಡನೇ ಉಂಡೆಯನ್ನು ಇನ್ನೊಂದು ತುದಿಯಿಂದ ಶುರು ಮಾಡಿದರೆ ಸಾಕೇ?

ನಿಟ್‌ಪರ್ಲ್:
ಸಾಲದು. ತುದಿ ತಿರುಗಿಸಿದರೆ ಬಣ್ಣಗಳ ಸರದಿ ಹಿಂದುಮುಂದಾಗುತ್ತದೆ, ಆವರ್ತದ ಉದ್ದ ಅಷ್ಟೇ ಇರುತ್ತದೆ. ಎರಡೂ ಉಂಡೆ ರೌಂಡಿಗೆ ಅದೇ ಎರಡು ಸ್ಟಿಚ್ ಸರಿಯುತ್ತವೆ. ಎರಡೂ ಹಳದಿಯಿಂದಲೇ ಶುರುವಾದರೆ ಮತ್ತೆ ಹಳದಿ ಮಡುವೇ. ಮೊದಲ ಉಂಡೆ ರೌಂಡಿನ ಆರಂಭಕ್ಕೆ ಹಳದಿಯಲ್ಲಿದ್ದರೆ, ಎರಡನೆಯದರಲ್ಲಿ ಹಳದಿಯಿಂದ 75 ಸೆಂ.ಮೀ. ಸುತ್ತಿ ತೆಗೆದು ಅಲ್ಲಿಂದ ಶುರು ಮಾಡಿ. ಆ ಅರ್ಧ ಆವರ್ತದ ಅಂತರ ಕೊನೆಯ ತನಕ ಉಳಿಯುತ್ತದೆ. ಇದೇ ಮುಖ್ಯ, ಬಹಳ ಜನ ಬಿಟ್ಟುಬಿಡುವುದೂ ಇದನ್ನೇ.

ಬಣ್ಣದಹಂಡೆ:
ಬಿಚ್ಚಲು ಮನಸ್ಸೇ ಇಲ್ಲದಿದ್ದರೆ, ಹೆಣೆದು ಮುಗಿಸಿ ಇಡೀ ಸ್ವೆಟರ್‌ಗೆ ಮೇಲುಬಣ್ಣ ಕೊಡಬಹುದು. 400 ಗ್ರಾಂ ಉಲ್ಲನ್‌ಗೆ 2 ಗ್ರಾಂ ನೀಲಿ ಆಸಿಡ್ ಡೈ (ಹುಳಿಯ ನೆರವಿನಿಂದ ಉಲ್ಲನ್‌ಗೆ ಹಿಡಿಯುವ ಬಣ್ಣ), ಒಂದು ಟೇಬಲ್ ಚಮಚ ಸಿಟ್ರಿಕ್ ಆಸಿಡ್. ಮೊದಲು ಅರ್ಧ ಗಂಟೆ ನೀರಲ್ಲಿ ನೆನೆಸಿ. ಬಣ್ಣದ ನೀರನ್ನು ನಿಧಾನವಾಗಿ 82–85 ಡಿಗ್ರಿಗೆ ತಂದು 30 ನಿಮಿಷ ಇಡಿ, ಅದೇ ನೀರಿನಲ್ಲೇ ಆರಲು ಬಿಡಿ. ಕಲಕಿದರೆ ಉಲ್ಲನ್ ಜಡ್ಡುಗಟ್ಟುತ್ತದೆ. ಅಡುಗೆಯ ಪಾತ್ರೆ ಬಳಸಬೇಡಿ. ಹಳದಿ ಹಸಿರಿಗೆ ತಿರುಗಿ ಎದ್ದು ಕಾಣುವುದು ಕಡಿಮೆಯಾಗುತ್ತದೆ, ಪಟ್ಟೆ ಪೂರ್ತಿ ಅಳಿಯುವುದಿಲ್ಲ. 12 ಸೆಂ.ಮೀ. ಅಷ್ಟೇ ಆಗಿರುವಾಗ ಬಿಚ್ಚುವುದೇ ಮೇಲು.

ಬಿಚ್ಚಿದ ಉಲ್ಲನ್ ಸುರುಳಿಗಟ್ಟಿರುತ್ತದೆ, ಹಾಗೇ ಹೆಣೆದರೆ ಸ್ಟಿಚ್ ಏರುಪೇರಾಗುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ 20 ನಿಮಿಷ ನೆನೆಸಿ ನೇತುಹಾಕಿ.

ಉಲ್ಲನ್‌ಬುಟ್ಟಿ:
ಬಿಚ್ಚುತ್ತೇನೆ. ತೋಳಿಗೆ 64 ಸ್ಟಿಚ್ ಇದೆ, ಅಲ್ಲೂ ಎರಡು ಉಂಡೆ ಬೇಕೇ?

ನಿಟ್‌ಪರ್ಲ್:
ಮಡುಗಟ್ಟುವ ಭಯಕ್ಕಾದರೆ ಬೇಡ. 97ಕ್ಕೆ 64 ಅಂದರೆ ಒಂದು ಬಣ್ಣ ಅದೇ ಜಾಗಕ್ಕೆ ಮರಳಲು ಮೂರು ರೌಂಡ್ ಬೇಕು, ತಾನಾಗಿಯೇ ಬೆರೆಯುತ್ತದೆ. ಆದರೆ ಲಡಿಯಿಂದ ಲಡಿಗೆ ಬಣ್ಣದ ಗಾಢತೆ ಬೇರೆ ಇದ್ದರೆ ತೋಳಿಗೂ ಎರಡು ಉಂಡೆ ಇಡಿ.