ಮಾವಿನಹಣ್ಣಿನ ಬಾಕ್ಸು ಮತ್ತು ಸಬ್ಜೆಕ್ಟು

ಭಾನುವಾರ ಬೆಳಗ್ಗೆ ಆರೂವರೆಗೆ ಅತ್ತೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದರು. ಹಿಂದೆ ಸೂರ್ಯೋದಯ, ಮೂಲೆಯಲ್ಲಿ ಗುಲಾಬಿ, ನಡುವೆ ಬರಹ: 'ಇಂಗ್ಲಿಷ್ ಗ್ರಾಮರ್ ಇಷ್ಟೇ! ವರ್ಬಿಗೆ ಮೊದಲು, ಅದರ ಪಕ್ಕದಲ್ಲೇ ಇರುವ ನೌನ್ ಸಬ್ಜೆಕ್ಟ್. ಕೆಲಸ ಮಾಡುವವನೇ ಸಬ್ಜೆಕ್ಟ್. ಯಾವ ಸ್ಕೂಲೂ ಇದನ್ನು ಹೇಳಿಕೊಡುವುದಿಲ್ಲ.'

ಅತ್ತೆ: ಅಷ್ಟೊಂದು ಫೀಸು ಕಟ್ಟುತ್ತೇವೆ, ಇಷ್ಟು ಹೇಳಿಕೊಡೋಕೆ ಆಗಲ್ವಾ?

ಆರು ಜನ ಕೈಮುಗಿದರು. ಯಾರೂ ಓದಿರಲಿಲ್ಲ. ನಾನೂ ಮುಗಿದೆ.

ರವಿ: ಇದನ್ನು ಬರೆದವರು ಯಾರು? ಎಲ್ಲಿಂದ ಬಂತು?

ಅತ್ತೆ: ನನಗೆ ಬಂತು, ನಿಮಗೆ ಕಳಿಸಿದೆ. ಎಲ್ಲದಕ್ಕೂ ಸಾಕ್ಷಿ ಕೇಳುತ್ತೀಯಲ್ಲ, ನಿನ್ನ ಮದುವೆಗೆ ಹುಡುಗಿ ನೋಡುವಾಗಲೂ ಇದೇ ರಗಳೆ.

ರವಿ: 'ದ ಬಾಕ್ಸ್ ಆಫ್ ಮ್ಯಾಂಗೋಸ್ ಈಸ್ ಆನ್ ದ ಟೇಬಲ್.' ವರ್ಬ್ ಪಕ್ಕ ಇರುವುದು ಮ್ಯಾಂಗೋಸ್. ಅದೇ ಸಬ್ಜೆಕ್ಟ್ ಆಗಿದ್ದರೆ 'ಆರ್' ಬರಬೇಕಿತ್ತು. 'ಈಸ್' ಬಂದಿದೆ, ಹಾಗಾದರೆ ಸಬ್ಜೆಕ್ಟ್ ಬಾಕ್ಸು.

ಮಾತು ಸರಿಯೇ. ಆದರೆ ಈ ಮನೆತನದಲ್ಲಿ ಮಾವಿನಹಣ್ಣಿನ ಬಾಕ್ಸಿನ ಉದಾಹರಣೆ ಕೊಡಬಾರದು ಅಂತ ರವಿಗೆ ಹೊಳೆಯಬೇಕಿತ್ತು.

ಚಿಕ್ಕಮ್ಮ: ಯಾವ ಬಾಕ್ಸು? ಹೋದ ವರ್ಷ ಶ್ರೀನಿವಾಸಪುರದಿಂದ ಬಂತಲ್ಲ, ಆ ರಸಪುರಿಯದಾ? ನಮ್ಮನೆಗೆ ಬರುವಾಗ ಅರ್ಧ ಖಾಲಿ ಇತ್ತು ಅತ್ತಿಗೆ.

ದೊಡ್ಡಪ್ಪ ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರು. ಫುಲ್‌ಸ್ಟಾಪ್ ಇಲ್ಲದ ಹನ್ನೆರಡು ಸಾಲು ಬರೆದರು. ಅವರ ಕಾಲದಲ್ಲಿ ಸಬ್ಜೆಕ್ಟು, ಪ್ರೆಡಿಕೇಟು ಅಂತ ಗೆರೆ ಎಳೆದು ಬೇರೆ ಮಾಡದೆ ಊಟಕ್ಕೆ ಕೂರುತ್ತಿರಲಿಲ್ಲವಂತೆ, ತಿನ್ನುವ ವಸ್ತುವಿಗೆ ಜಗಳ ಆಡುತ್ತಿರಲಿಲ್ಲವಂತೆ.

ಮಂಜು: ದೊಡ್ಡಪ್ಪ, ಜಗಲಿ ಮೇಲೆ ಕೂರಿಸಿ 'ಓಪನ್ ದ ಡೋರ್'ನಲ್ಲಿ ಸಬ್ಜೆಕ್ಟ್ ಎಲ್ಲಿ ಅಂತ ಕೇಳಿದ್ದಿರಿ. ನಾನು 'ಡೋರ್' ಅಂದೆ. ಆ ಕಿವಿ ಇನ್ನೂ ಕೆಂಪಗಿದೆ.

ದೊಡ್ಡಪ್ಪ: 'ಯೂ' ಕಣೋ. ಬಾಯಿಬಿಟ್ಟು ಹೇಳುವುದಿಲ್ಲ, ಒಳಗೆ ಅಡಗಿರುತ್ತದೆ.

ಮಂಜು ಅಲ್ಲಿಗೆ ನಿಲ್ಲಲಿಲ್ಲ. ಜಗಲಿಯ ಫೋಟೊ, ಅಜ್ಜಿಯ ಫೋಟೊ, ಸತ್ತುಹೋದ ನಾಯಿಯ ಫೋಟೊ. ಮಧ್ಯದಲ್ಲಿ ಯಾರೋ ಅಜ್ಜಿಯ ಸರ ಈಗ ಯಾರ ಹತ್ತಿರ ಇದೆ ಅಂದರು. ಆ ಕಡೆ ಯಾರೂ ಹೋಗಲಿಲ್ಲ, ಪುಣ್ಯ.

ರವಿ ಬಿಡುವವನಲ್ಲ.

ರವಿ: ಕೆಲಸ ಮಾಡುವವನೇ ಸಬ್ಜೆಕ್ಟ್ ಅನ್ನುವುದೂ ಸುಳ್ಳು. 'ಇಟ್ ಈಸ್ ರೈನಿಂಗ್.' ಕನ್ನಡದಲ್ಲಿ ಮಳೆ ಬರುತ್ತದೆ. ಇಂಗ್ಲಿಷಿನಲ್ಲಿ ಬರುವವರು ಯಾರೂ ಇಲ್ಲ, ಕುರ್ಚಿ ಖಾಲಿ ಬಿಡಬಾರದು ಅಂತ ಒಂದು 'ಇಟ್' ಕೂರಿಸಿದ್ದಾರೆ. ಇನ್ನು 'ದ ಮ್ಯಾಂಗೋಸ್ ವರ್ ಈಟನ್.' ಇಲ್ಲಿ ಸಬ್ಜೆಕ್ಟ್ ಮ್ಯಾಂಗೋಸ್. ಅವು ಪಾಪ ಏನೂ ಮಾಡಿಲ್ಲ. ತಿಂದವರು ವಾಕ್ಯದಲ್ಲೇ ಇಲ್ಲ.

ಚಿಕ್ಕಮ್ಮ: ವಾಕ್ಯದಲ್ಲಿ ಇಲ್ಲದಿದ್ದರೇನು, ಗ್ರೂಪಿನಲ್ಲಿ ಇದ್ದಾರೆ.

ಅತ್ತೆ ಟೈಪ್ ಮಾಡುತ್ತಿದ್ದಾರೆ ಅಂತ ನಾಲ್ಕು ನಿಮಿಷ ತೋರಿಸಿತು. ಕಾಫಿ ಆರಿತು.

ಅತ್ತೆ: ಕೊಳೆಯೋಕೆ ಬಂದಿದ್ದವು, ಅದಕ್ಕೆ ತಿಂದೆವು. ಇಷ್ಟಕ್ಕೆ ಇಷ್ಟು ಮಾತಾ?

'ತಿಂದೆವು'! ಇಂಗ್ಲಿಷಿನಲ್ಲಾದರೆ 'ವರ್ ಈಟನ್' ಅಂತ ಬರೆದು ಬಚಾವಾಗಬಹುದಿತ್ತು. ಕನ್ನಡದಲ್ಲಿ 'ನಾನು', 'ನಾವು' ಅಂತ ಬಾಯಿಬಿಡದಿದ್ದರೂ ಕ್ರಿಯಾಪದದ ಬಾಲ ಹಿಡಿದುಕೊಟ್ಟುಬಿಡುತ್ತದೆ. ಒಬ್ಬರೇ ಆಗಿದ್ದರೆ 'ತಿಂದೆ' ಅನ್ನುತ್ತಿದ್ದರು. ಹೋದ ವರ್ಷ ಮೇ ತಿಂಗಳಲ್ಲಿ ಅತ್ತೆ ಮನೆಯಲ್ಲಿ ಹದಿನೈದು ದಿನ ಇದ್ದವರು ಶುಗರ್ ಇರುವ ದೊಡ್ಡಪ್ಪ.

ಗ್ರಾಮರ್ ಗಲಾಟೆಗೆ ಯಾವತ್ತೂ ಬರದ ದೊಡ್ಡಮ್ಮ ಬಂದರು.

ದೊಡ್ಡಮ್ಮ: ತಿಂದೆವು ಅಂದರೆ ಯಾರ್ಯಾರು?

ದೊಡ್ಡಪ್ಪ ಏನೋ ಹಾಕಿದರು. ನಾನು ಕನ್ನಡಕ ಹುಡುಕಿ ತರುವಷ್ಟರಲ್ಲಿ ಅವರ ಹೆಸರಿನ ಕೆಳಗೆ ಒಂದೇ ಸಾಲು ಉಳಿದಿತ್ತು:

'ಈ ಸಂದೇಶವನ್ನು ಅಳಿಸಲಾಗಿದೆ.'