ಆಗಸ್ಟ್‌ನಲ್ಲಿ ಗ್ರೀಸ್ ದ್ವೀಪಗಳು, ನಾಲ್ಕು ಜನ ಸ್ನೇಹಿತರು: ಹೋಗಿ ಬಂದವರು ಸ್ವಲ್ಪ ಹೇಳಿ

ಸ್ಟುಟ್‌ಗಾರ್ಟ್‌ನಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಇಲ್ಲಿ ಮಾಸ್ಟರ್ಸ್ ಓದುತ್ತಿದ್ದೇವೆ. ಪರೀಕ್ಷೆ ಮುಗಿದ ಮೇಲೆ ಆಗಸ್ಟ್ ಎರಡನೇ ವಾರ ಗ್ರೀಸ್‌ಗೆ ಹೋಗುವ ಯೋಚನೆ ಇದೆ, ಸುಮಾರು ಹತ್ತು ದಿನ. ಪ್ಲಾನ್ ಹೀಗಿದೆ: ಕಾರ್ಫು, ಮೈಕೊನೊಸ್, ಸಾಂಟೊರಿನಿ, ರೋಡ್ಸ್, ಟೈಮ್ ಉಳಿದರೆ ಕ್ರೀಟ್. ಇಬ್ಬರು ಶುದ್ಧ ಸಸ್ಯಾಹಾರಿಗಳು, ಒಬ್ಬನಿಗೆ ಹಡಗು ಹತ್ತಿದರೆ ಹೊಟ್ಟೆ ತೊಳಸುತ್ತದೆ, ದುಡ್ಡು ಎಲ್ಲರ ಹತ್ತಿರವೂ ಕಮ್ಮಿ. ಹೀಗೆ ಹೋಗಬಹುದಾ? ಏನು ಬಿಡಬೇಕು, ಏನು ಸೇರಿಸಬೇಕು?

ಆಖೆನ್‌ನಿಂದ:

ಮೊದಲು ಮ್ಯಾಪ್ ತೆಗೆದು ನೋಡಿ. ಕಾರ್ಫು ಇರುವುದು ಗ್ರೀಸ್‌ನ ಪಶ್ಚಿಮಕ್ಕೆ, ಅಲ್ಬೇನಿಯಾದ ಎದುರಿಗೆ. ಮೈಕೊನೊಸ್, ಸಾಂಟೊರಿನಿ ಇರುವುದು ಆ ಕಡೆ ಏಜಿಯನ್ ಸಮುದ್ರದಲ್ಲಿ. ಇವುಗಳ ಮಧ್ಯೆ ಫೆರಿಯೇ ಇಲ್ಲ, ಅಥೆನ್ಸ್‌ಗೆ ವಾಪಸ್ ಬಂದೇ ಹೋಗಬೇಕು. ರೋಡ್ಸ್ ಟರ್ಕಿಯ ಪಕ್ಕಕ್ಕಿದೆ, ಅಥೆನ್ಸ್‌ನ ಪಿರೇಯಸ್ ಬಂದರಿನಿಂದ ಹಡಗಿನಲ್ಲಿ ಹದಿನೈದು ಗಂಟೆಯ ಆಸುಪಾಸು. ನಿಮ್ಮ ಪ್ಲಾನ್‌ನಲ್ಲಿ ಅರ್ಧ ರಜೆ ಬಂದರಿನಲ್ಲಿ ಬ್ಯಾಗ್ ಮೇಲೆ ಕೂತೇ ಕಳೆದುಹೋಗುತ್ತದೆ.

ದ್ವೀಪಗಳು ಗುಂಪು ಗುಂಪಾಗಿವೆ, ಒಂದು ಗುಂಪು ಹಿಡಿದುಕೊಂಡು ಅದರಲ್ಲೇ ಓಡಾಡಿ. ಮೊದಲ ಸಲಕ್ಕೆ ಸೈಕ್ಲಡೀಸ್ ಒಳ್ಳೆಯದು. ಪಿರೇಯಸ್‌ನಿಂದ ಪಾರೊಸ್, ಅಲ್ಲಿಂದ ನಾಕ್ಸೊಸ್, ಅಲ್ಲಿಂದ ಸಾಂಟೊರಿನಿ. ಈ ಮೂರೂ ಒಂದೇ ದಾರಿಯಲ್ಲಿ ಬರುತ್ತವೆ, ದೊಡ್ಡ ಹಡಗುಗಳು ಇದೇ ಸಾಲಿನಲ್ಲಿ ನಿಲ್ಲಿಸುತ್ತಾ ಹೋಗುತ್ತವೆ. ಪಾರೊಸ್‌ಗೆ ನಾಲ್ಕು ಗಂಟೆ ಚಿಲ್ಲರೆ, ಪಾರೊಸ್‌ನಿಂದ ನಾಕ್ಸೊಸ್‌ಗೆ ಒಂದು ಗಂಟೆಯೊಳಗೆ, ನಾಕ್ಸೊಸ್‌ನಿಂದ ಸಾಂಟೊರಿನಿಗೆ ಎರಡು ಗಂಟೆ ಹತ್ತಿರ. ಒಂದೊಂದು ಕಡೆ ಮೂರು ರಾತ್ರಿ ಇರಿ. ಒಂದು ರಾತ್ರಿ ಇದ್ದು ಹೊರಡುವುದಾದರೆ ಚೆಕ್ ಇನ್, ಚೆಕ್ ಔಟ್, ಬಸ್ ಹುಡುಕುವುದು ಇಷ್ಟೇ ಆಗುತ್ತದೆ.

ಮೈಕೊನೊಸ್‌ನಲ್ಲಿ ಉಳಿದುಕೊಳ್ಳುವುದು ವಿದ್ಯಾರ್ಥಿಗಳ ಬಜೆಟ್‌ಗೆ ಆಗುವ ಮಾತಲ್ಲ. ನೋಡಲೇಬೇಕು ಅಂದರೆ ಪಾರೊಸ್ ಅಥವಾ ನಾಕ್ಸೊಸ್‌ನಿಂದ ಒಂದು ದಿನದ ದೋಣಿ ಪ್ರವಾಸ ಇರುತ್ತದೆ, ಡೆಲೋಸ್ ತೋರಿಸಿ ಮೈಕೊನೊಸ್ ಊರಿನಲ್ಲಿ ಕೆಲವು ಗಂಟೆ ಬಿಡುತ್ತಾರೆ. ಡೆಲೋಸ್ ಮಾತ್ರ ಬಿಡಬೇಡಿ. ಅಪೊಲೊ ಹುಟ್ಟಿದ ಜಾಗ ಅಂತ ಗ್ರೀಕರು ನಂಬಿದ್ದ ದ್ವೀಪ, ಈಗ ದ್ವೀಪಕ್ಕೆ ದ್ವೀಪವೇ ಒಂದು ಹಾಳು ಪಟ್ಟಣ. ರಾತ್ರಿ ಉಳಿಯಲು ಪ್ರವಾಸಿಗರಿಗೆ ಬಿಡುವುದಿಲ್ಲ. ನೆರಳು ಅನ್ನುವುದೇ ಇಲ್ಲ, ಟೋಪಿ, ನೀರು ಇಲ್ಲದೆ ಹೋದರೆ ಎರಡು ಗಂಟೆಯಲ್ಲಿ ತಲೆ ಸುತ್ತುತ್ತದೆ.

ಹೊಟ್ಟೆ ತೊಳಸುವ ಗೆಳೆಯನಿಗೆ: ವೇಗದ ಕ್ಯಾಟಮರಾನ್ (ಜೋಡಿ ಒಡಲಿನ ಹಡಗು) ಹತ್ತಿಸಬೇಡಿ. ಟಿಕೆಟ್ ಹತ್ತಿರ ಹತ್ತಿರ ಎರಡು ಪಟ್ಟು, ಮೇಲೆ ಗಾಳಿಗೆ ನಿಲ್ಲಲು ಡೆಕ್ ಇರುವುದಿಲ್ಲ, ಅಲೆ ಎದ್ದರೆ ಒಳಗೆ ಕೂತವರೆಲ್ಲ ಕವರ್ ಹಿಡಿದುಕೊಂಡಿರುತ್ತಾರೆ. ದೊಡ್ಡ ನಿಧಾನದ ಹಡಗಿನಲ್ಲಿ ಅತಿ ಕಮ್ಮಿ ದರದ ಡೆಕ್ ಟಿಕೆಟ್ ತೆಗೆದುಕೊಂಡು ಮಧ್ಯಭಾಗದಲ್ಲಿ ಹೊರಗೆ ಕೂರಿಸಿ. ಮಾತ್ರೆ ಹಡಗು ಹೊರಡುವ ಮೊದಲೇ ನುಂಗಬೇಕು, ಶುರುವಾದ ಮೇಲೆ ನುಂಗಿ ಪ್ರಯೋಜನ ಇಲ್ಲ.

ಡೆಲ್ಫ್ಟ್‌ನಿಂದ:

ಮೇಲಿನವರು ಹೇಳಿದ್ದೆಲ್ಲ ಸರಿ, ಗಾಳಿ ವಿಷಯ ಮಾತ್ರ ಜಾಸ್ತಿ ಹೇಳಬೇಕು. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಮೇಲೆ ಉತ್ತರದಿಂದ ಮೆಲ್ತೆಮಿ ಅನ್ನುವ ಗಾಳಿ ಬೀಸುತ್ತದೆ. ಆಕಾಶ ಪೂರ್ತಿ ನೀಲಿ, ಬಿಸಿಲು ಧಗಧಗ, ಆದರೂ ಹಡಗು ರದ್ದು. ಮಳೆ ಇಲ್ಲವಲ್ಲ, ಯಾಕೆ ನಿಂತಿತು ಅಂತ ನಮ್ಮವರಿಗೆ ಅರ್ಥವೇ ಆಗುವುದಿಲ್ಲ. ಗಾಳಿ ಒಂದು ಮಟ್ಟ ದಾಟಿದರೆ ಬಂದರು ಅಧಿಕಾರಿಗಳೇ ಬಿಡುವುದಿಲ್ಲ. ಮೊದಲು ನಿಲ್ಲುವುದು ಚಿಕ್ಕ ವೇಗದ ಹಡಗುಗಳು, ದೊಡ್ಡವು ಕೊನೆಗೆ.

ನಾವು ನಾಕ್ಸೊಸ್‌ನಲ್ಲಿದ್ದಾಗ ಬೆಳಗ್ಗೆ ಎದ್ದರೆ ಮೊಬೈಲ್‌ನಲ್ಲಿ ಮೆಸೇಜ್, ಹಡಗು ರದ್ದು ಅಂತ. ಬಂದರಿನ ಎದುರಿನ ಟಿಕೆಟ್ ಅಂಗಡಿಗೆ ಓಡಿದೆವು. ಅಲ್ಲಿದ್ದ ಹೆಂಗಸು ನಮ್ಮ ಮುಖ ಕೂಡ ನೋಡದೆ ಸಂಜೆಯ ದೊಡ್ಡ ಹಡಗಿಗೆ ಬದಲಾಯಿಸಿಕೊಟ್ಟರು, ಅವರಿಗೆ ಅದು ದಿನಾ ಇರುವ ಕೆಲಸ. ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದ ಇಬ್ಬರು ಸ್ಪೇನ್ ಹುಡುಗರಿಗೆ ಅವತ್ತೇ ಸಂಜೆ ಅಥೆನ್ಸ್‌ನಿಂದ ವಿಮಾನ ಇತ್ತು. ಹವಾಮಾನದಿಂದ ಹಡಗು ರದ್ದಾದರೆ ಹಡಗಿನ ದುಡ್ಡು ಪೂರ್ತಿ ವಾಪಸ್ ಬರುತ್ತದೆ ಅಥವಾ ಬೇರೆ ಹಡಗಿಗೆ ಹಾಕಿಕೊಡುತ್ತಾರೆ. ತಪ್ಪಿಹೋದ ವಿಮಾನದ ದುಡ್ಡು ಯಾರೂ ಕೊಡುವುದಿಲ್ಲ. ಹಾಗಾಗಿ ಕೊನೆಯ ರಾತ್ರಿ ಅಥೆನ್ಸ್‌ನಲ್ಲೇ ಇರಿ. ಇಲ್ಲವಾದರೆ ಸಾಂಟೊರಿನಿಯಿಂದಲೇ ವಿಮಾನ ಹಿಡಿಯಿರಿ, ಬೇಸಿಗೆಯಲ್ಲಿ ಅಲ್ಲಿಂದ ಜರ್ಮನಿಯ ಕೆಲವು ಊರುಗಳಿಗೆ ನೇರ ವಿಮಾನ ಇರುತ್ತದೆ.

ಇನ್ನೊಂದು, ನಿಮ್ಮ ತಾರೀಖು. ಆಗಸ್ಟ್ 15 ಮೇರಿ ಮಾತೆಯ ಹಬ್ಬ, ಗ್ರೀಸ್‌ನಲ್ಲಿ ಬೇಸಿಗೆಯ ಅತಿ ದೊಡ್ಡ ಹಬ್ಬ. ಅಥೆನ್ಸ್‌ನವರೆಲ್ಲ ಅವರವರ ದ್ವೀಪಕ್ಕೆ ಹೊರಡುತ್ತಾರೆ. ದಸರಾ ರಜೆಗೆ ಮೆಜೆಸ್ಟಿಕ್‌ನಿಂದ ಊರಿಗೆ ಬಸ್ ಹಿಡಿಯುವ ಹಾಗೆಯೇ ಇರುತ್ತದೆ ಪಿರೇಯಸ್. ಟಿನೊಸ್ ದ್ವೀಪದಲ್ಲಂತೂ ಹರಕೆ ಹೊತ್ತವರು ಬಂದರಿನಿಂದ ಚರ್ಚಿನವರೆಗೂ ಮಂಡಿಯೂರಿ ಏರು ಹತ್ತುತ್ತಾರೆ. ಪಾರೊಸ್‌ನಲ್ಲಿ ಎಕಟೊಂಟಪಿಲಿಯಾನಿ ಅನ್ನುವ ಹಳೆಯ ದೊಡ್ಡ ಚರ್ಚು ಇದೆ, ಆ ದಿನ ಅಲ್ಲಿದ್ದರೆ ಮೆರವಣಿಗೆ ನೋಡಬಹುದು, ಊರು ಜಗಮಗ ಅನ್ನುತ್ತಿರುತ್ತದೆ. ಆದರೆ 13, 14ಕ್ಕೆ ಹೋಗುವ ಟಿಕೆಟ್, 16, 17ಕ್ಕೆ ವಾಪಸ್ ಟಿಕೆಟ್ ಅಲ್ಲೇ ಹೋಗಿ ತೆಗೆದುಕೊಳ್ಳುತ್ತೇವೆ ಅಂತ ಕೂರಬೇಡಿ. ಆಗುವುದಾದರೆ ಸೆಪ್ಟೆಂಬರ್‌ಗೆ ತಳ್ಳಿ. ನೀರು ಆಗಲೂ ಬೆಚ್ಚಗೇ ಇರುತ್ತದೆ, ರೂಮು ಎಷ್ಟೋ ಕಮ್ಮಿ.

ಮಿಲಾನ್‌ನಿಂದ:

ಸಸ್ಯಾಹಾರಿಗಳ ಬಗ್ಗೆ ನಾನು ಹೇಳುತ್ತೇನೆ, ನಮ್ಮ ಗುಂಪಿನಲ್ಲಿ ಮೂವರು ಹುಡುಗಿಯರೂ ಮೊಟ್ಟೆ ಕೂಡ ಮುಟ್ಟದವರು. ಇಟಲಿಗಿಂತ ಗ್ರೀಸ್ ಸುಲಭ, ನಿಜವಾಗಿ. ಯಾಕೆಂದರೆ ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ವರ್ಷದಲ್ಲಿ ತುಂಬಾ ದಿನ ಉಪವಾಸ ಮಾಡುತ್ತಾರೆ, ಆಗ ಮಾಂಸ, ಹಾಲು, ಮೊಟ್ಟೆ ಎಲ್ಲ ಬಿಡುತ್ತಾರೆ. ಆಗಸ್ಟ್ 1ರಿಂದ 14ರವರೆಗೂ ಅಂಥದೇ ಒಂದು ಉಪವಾಸ, ನಿಮ್ಮ ತಾರೀಖಿಗೆ ಸರಿಯಾಗಿ. ಹೋಟೆಲ್‌ನಲ್ಲಿ "ನಿಸ್ಟಿಸಿಮೊ" ಇದೆಯಾ ಅಂತ ಕೇಳಿ, ಉಪವಾಸದ ಊಟ ಅಂತ ಅರ್ಥವಾಗುತ್ತದೆ. ಚಿಪ್ಪುಮೀನು, ಸೀಗಡಿ, ಆಕ್ಟೋಪಸ್ ಅವರ ಉಪವಾಸಕ್ಕೆ ನಡೆಯುತ್ತದೆ ಅನ್ನುವುದು ನೆನಪಿರಲಿ, ಅದನ್ನು ಬೇರೆಯಾಗಿ ಕೇಳಿ.

ಯಾವುದೇ ತವೆರ್ನಾದಲ್ಲಿ, ಅಂದರೆ ಅಲ್ಲಿನ ಸಾದಾ ಊಟದ ಹೋಟೆಲ್‌ನಲ್ಲಿ, ಸಿಗುವುದು: ಗಿಗಾಂಟೆಸ್, ಅಂದರೆ ದೊಡ್ಡ ಬಿಳಿ ಅವರೆಯಂಥ ಕಾಳು ಟೊಮೆಟೊ ಗೊಜ್ಜಿನಲ್ಲಿ ಬೇಯಿಸಿದ್ದು. ಬ್ರಿಯಾಮ್, ಬದನೆ, ಆಲೂಗಡ್ಡೆ ಎಲ್ಲ ಎಣ್ಣೆ ಹಾಕಿ ಓವನ್‌ನಲ್ಲಿ ಬೇಯಿಸಿದ್ದು. ಸಾಂಟೊರಿನಿಯಲ್ಲಿ ಫಾವಾ, ಹಳದಿ ಬೇಳೆ ನುಣ್ಣಗೆ ಮಾಡಿ ಮೇಲೆ ಈರುಳ್ಳಿ, ಎಣ್ಣೆ. ಗೆಮಿಸ್ತಾ ಅಂದರೆ ಟೊಮೆಟೊ, ದಪ್ಪಮೆಣಸಿನಕಾಯಿ ಒಳಗೆ ಅಕ್ಕಿ ತುಂಬಿದ್ದು, ಇದರಲ್ಲಿ ಕೆಲವು ಕಡೆ ಕೈಮಾ ಹಾಕುತ್ತಾರೆ, ಕೇಳಿಯೇ ತಿನ್ನಿ. ಬೇಕರಿಯಲ್ಲಿ ಪಾಲಕ್ ಪಫ್ ಥರದ ಸ್ಪಾನಕೊಪಿತಾ. ಗೀರೊಸ್ (ಮಾಂಸ ಸುತ್ತಿದ ರೊಟ್ಟಿ) ಅಂಗಡಿಯಲ್ಲಿ ಮಾಂಸ ಬಿಟ್ಟು ಪಿತಾ ರೊಟ್ಟಿಯೊಳಗೆ ಆಲೂ ಫ್ರೈ, ಟೊಮೆಟೊ, ಜಾಜಿಕಿ (ಸೌತೆಕಾಯಿ ಹಾಕಿದ ಮೊಸರು) ಹಾಕಿಕೊಡಿ ಅಂದರೆ ಮಾಡಿಕೊಡುತ್ತಾರೆ, ಅತಿ ಕಮ್ಮಿ ದುಡ್ಡಿನ ಊಟ ಅದೇ. ಖಾರ ಮಾತ್ರ ಎಲ್ಲೂ ಇಲ್ಲ, ಚಟ್ನಿಪುಡಿ ಡಬ್ಬಿ ಬ್ಯಾಗ್‌ನಲ್ಲಿರಲಿ.

ರೂಮು: ನಾಲ್ಕು ಜನ ಇರುವುದರಿಂದ ಹಾಸ್ಟೆಲ್‌ಗಿಂತ ಅಡುಗೆಮೂಲೆ ಇರುವ ಸ್ಟುಡಿಯೋ ಲಾಭ. ಆದರೆ ಬುಕಿಂಗ್‌ನಲ್ಲಿ ತೋರಿಸುವ ಬೆಲೆಯ ಮೇಲೆ ಸರ್ಕಾರದ ತೆರಿಗೆ ಬರುತ್ತದೆ, ಅದನ್ನು ಅಲ್ಲಿಯೇ ಕಟ್ಟಬೇಕು. 2025ರಿಂದ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಏರ್‌ಬಿಎನ್‌ಬಿ ಥರದ ಬಾಡಿಗೆ ಅಪಾರ್ಟ್‌ಮೆಂಟ್‌ಗೆ ರಾತ್ರಿಗೆ 8 ಯೂರೋ, ಒಂದೆರಡು ಸ್ಟಾರ್‌ನ ಹೋಟೆಲ್ ರೂಮಿಗೆ 2 ಯೂರೋ. ತಲೆಗೆ ಅಲ್ಲ, ರೂಮಿಗೆ. ಎಂಟು ರಾತ್ರಿಗೆ 64 ಯೂರೋ ಆಯಿತು, ಅಲ್ವಾ? ಲೆಕ್ಕ ಹಾಕುವಾಗ ಸೇರಿಸಿಕೊಳ್ಳಿ. ದುಡ್ಡು ಉಳಿಸಲು ಬೀಚ್‌ನಲ್ಲಿ ಟೆಂಟ್ ಹಾಕುವ ಐಡಿಯಾ ನಿಮ್ಮ ಗುಂಪಿನಲ್ಲಿ ಯಾರಿಗಾದರೂ ಬಂದೇ ಬರುತ್ತದೆ. ಗ್ರೀಸ್‌ನಲ್ಲಿ ಅದು ಕಾನೂನಿಗೆ ವಿರುದ್ಧ, ದಂಡ ಹಾಕುತ್ತಾರೆ. ಕ್ಯಾಂಪಿಂಗ್ ಜಾಗಗಳು ಬೇರೆ ಇವೆ.

ಹುಡುಗಿಯರೇ ಓದುತ್ತಿದ್ದರೆ ಅವರಿಗೆ: ರಾತ್ರಿ ಹನ್ನೊಂದಕ್ಕೂ ಪುಟ್ಟ ಮಕ್ಕಳನ್ನು ಕರೆದುಕೊಂಡು ಮನೆಯವರೆಲ್ಲ ಬೀದಿಯಲ್ಲಿರುತ್ತಾರೆ, ನಮಗೆ ಎಲ್ಲೂ ಭಯ ಅನ್ನಿಸಲಿಲ್ಲ.

ಸ್ಟುಟ್‌ಗಾರ್ಟ್‌ನಿಂದ:

ಅಬ್ಬಾ, ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ, ತುಂಬಾ ಥ್ಯಾಂಕ್ಸ್. ಕಾರ್ಫು, ರೋಡ್ಸ್ ತೆಗೆದುಹಾಕಿದ್ದೇವೆ, ಒಬ್ಬ ಮುನಿಸಿಕೊಂಡಿದ್ದಾನೆ. ಅಲ್ಲಿ ಓಡಾಡಲು ನಾಲ್ಕು ಚಕ್ರದ ಕ್ವಾಡ್ ಬೈಕ್ ಸಿಗುತ್ತದಂತೆ, ಊರಿನ ಲೈಸೆನ್ಸ್ ಎಲ್ಲರ ಹತ್ತಿರವೂ ಇದೆ. ತೆಗೆದುಕೊಳ್ಳಬಹುದಾ?

ಬರ್ಲಿನ್‌ನಿಂದ, ಊರು ಮಂಗಳೂರು:

ಬೇಡ ಮಾರಾಯ್ರೆ. ರಸ್ತೆ ಇಳಿಜಾರು, ತಿರುವಿನಲ್ಲಿ ಮರಳು, ಪಕ್ಕದಲ್ಲಿ ಕಂದಕ, ಬೀಚ್‌ನಿಂದ ಬರುವವರು ಕಾಲಿಗೆ ಚಪ್ಪಲಿ, ಮೈಗೆ ಚಡ್ಡಿ. ಬಿದ್ದರೆ ಚರ್ಮ ಉಳಿಯುವುದಿಲ್ಲ. ನಮ್ಮೂರಿನ ಲೈಸೆನ್ಸ್ ಒಂದೇ ಸಾಕಾಗುವುದಿಲ್ಲ, ಅದರ ಜೊತೆಗೆ ಅಂತರರಾಷ್ಟ್ರೀಯ ಪರ್ಮಿಟ್ ಬೇಕು, ಅದನ್ನು ಕೊಡುವುದು ಊರಿನ ಆರ್‌ಟಿಓ. "ನಡೆಯುತ್ತದೆ, ತಗೊಳ್ಳಿ" ಅನ್ನುವ ಬಾಡಿಗೆ ಅಂಗಡಿಯವರು ಸಿಗಬಹುದು. ಪರ್ಮಿಟ್ ಇಲ್ಲದೆ ಅಪಘಾತ ಆದರೆ ವಿಮೆಯವರು ಕೈ ಎತ್ತುತ್ತಾರೆ, ನೆನಪಿರಲಿ.

ಬಸ್ ಇದೆಯಲ್ಲ. ಕೆಟೆಲ್ ಅಂತ ಕರೆಯುತ್ತಾರೆ. ನಾಕ್ಸೊಸ್‌ನಲ್ಲಿ ಬಂದರಿನ ಎದುರೇ ನಿಲ್ದಾಣ, ಆಯಿಯೊಸ್ ಪ್ರೊಕೊಪಿಯೊಸ್, ಪ್ಲಾಕಾ ಬೀಚ್‌ಗಳಿಗೆ ಬೇಸಿಗೆಯಲ್ಲಿ ಪದೇ ಪದೇ ಬಸ್. ಒಂದು ದಿನ ಬೀಚ್ ಬಿಟ್ಟು ಗುಡ್ಡದ ಮೇಲಿನ ಹಳ್ಳಿಗಳಿಗೆ ಹೋಗಿ, ಹಾಲ್ಕಿ, ಫಿಲೋತಿ, ಅಪೀರಂಥೊಸ್. ಅಪೀರಂಥೊಸ್‌ನ ಬೀದಿಗೆಲ್ಲ ಅಮೃತಶಿಲೆ ಹಾಸಿದ್ದಾರೆ. ಸಂಜೆ ಬಂದರಿನ ಹತ್ತಿರದ ಪೋರ್ತಾರಾ ನೋಡಿ. ಕ್ರಿಸ್ತಪೂರ್ವ ಆರನೇ ಶತಮಾನದಲ್ಲಿ ದೇವಸ್ಥಾನ ಕಟ್ಟಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದ್ದು, ಬಾಗಿಲ ಚೌಕಟ್ಟು ಮಾತ್ರ ಸಮುದ್ರದ ಕಡೆ ನಿಂತಿದೆ. ಪುಕ್ಕಟೆ. ಸಾಂಟೊರಿನಿಯ ಒಯಾದಲ್ಲಿ ಸೂರ್ಯಾಸ್ತಕ್ಕೆ ಜನರ ಬೆನ್ನು ನೋಡುವುದಕ್ಕಿಂತ ಇದು ಮೇಲು.

ಲೀಡ್ಸ್‌ನಿಂದ:

ಇದನ್ನು ಬ್ರಿಟನ್‌ನಲ್ಲಿ ಓದುವವರೂ ನೋಡುತ್ತಿರುತ್ತೀರಿ, ಅದಕ್ಕೆ ಹೇಳುತ್ತಿದ್ದೇನೆ. ಜರ್ಮನಿಯ ರೆಸಿಡೆನ್ಸ್ ಕಾರ್ಡ್ ಇದ್ದವರು ಪಾಸ್‌ಪೋರ್ಟ್, ಕಾರ್ಡ್ ಎರಡೂ ಹಿಡಿದುಕೊಂಡು ಹೋದರೆ ಸಾಕು, 180 ದಿನದಲ್ಲಿ 90 ದಿನದವರೆಗೆ ಇರಬಹುದು. ನಮಗೆ ಹಾಗಲ್ಲ, ಬ್ರಿಟನ್ ವೀಸಾ ಇದ್ದರೂ ಷೆಂಗನ್ ವೀಸಾ (ಗ್ರೀಸ್, ಜರ್ಮನಿ ಸೇರಿದ ಯುರೋಪ್ ದೇಶಗಳ ಗುಂಪಿನ ವೀಸಾ) ಬೇರೆ ಬೇಕು, ಶುಲ್ಕ 90 ಯೂರೋ, 30,000 ಯೂರೋ ಮೊತ್ತದ ಪ್ರಯಾಣ ವಿಮೆಯೂ ಬೇಕು. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಜರ್ಮನಿಯವರಲ್ಲೂ ಯಾರದಾದರೂ ಕಾರ್ಡ್ ನವೀಕರಣಕ್ಕೆ ಹೋಗಿ ಬರೀ ತಾತ್ಕಾಲಿಕ ಕಾಗದ ಕೈಯಲ್ಲಿದ್ದರೆ, ಅದನ್ನು ನಂಬಿ ವಿಮಾನ ಬುಕ್ ಮಾಡುವ ಮೊದಲು ವಿದೇಶಿಯರ ಕಚೇರಿಯಲ್ಲಿ ಕೇಳಿ.

ಪ್ಯಾರಿಸ್‌ನಿಂದ:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಸಾಂಟೊರಿನಿ ಬಿಟ್ಟುಬಿಡಿ. ನೋಟ ಚೆಂದ, ಸುಳ್ಳು ಹೇಳಬಾರದು, ಸುಮಾರು 3,600 ವರ್ಷದ ಹಿಂದೆ ಜ್ವಾಲಾಮುಖಿ ಸಿಡಿದು ಉಳಿದ ಬಳೆಯಾಕಾರದ ಬಂಡೆಯ ಅಂಚಿನಲ್ಲಿ ಊರುಗಳಿವೆ, ಅಂಥದ್ದು ಬೇರೆಲ್ಲೂ ಇಲ್ಲ. ಆದರೆ ಆಗಸ್ಟ್‌ನಲ್ಲಿ ಕ್ರೂಸ್ ಹಡಗುಗಳಿಂದ ಇಳಿದ ಜನ, ಬಸ್ಸಿನಲ್ಲಿ ನಿಲ್ಲಲೂ ಜಾಗ ಇಲ್ಲ, ಬೀಚ್ ಕೂಡ ಸಾಧಾರಣ. ಅದರ ಬದಲು ನಾಕ್ಸೊಸ್‌ನಿಂದ ಕುಫೊನಿಸಿಯಾಗೆ ಹೋಗಿ. ನಡೆದೇ ಸುತ್ತಬಹುದಾದ ಪುಟ್ಟ ದ್ವೀಪ, ನೀರು ಗಾಜಿನಷ್ಟು ತಿಳಿ. ನಾಕ್ಸೊಸ್‌ನಿಂದ ಅಮೊರ್ಗೊಸ್‌ವರೆಗೆ ಸ್ಕೊಪೆಲಿಟಿಸ್ ಅನ್ನುವ ಪುಟ್ಟ ಹಡಗು ಈ ಚಿಕ್ಕ ದ್ವೀಪಗಳಿಗೆಲ್ಲ ನಿಲ್ಲುತ್ತಾ ಹೋಗುತ್ತದೆ, ಹಳ್ಳಿ ಬಸ್ಸಿನ ಕೆಲಸವನ್ನೇ ಮಾಡುತ್ತದೆ. ಅದು ಚೆನ್ನಾಗಿಯೇ ಅಲುಗಾಡುತ್ತದೆ, ನಿಮ್ಮ ಗೆಳೆಯನನ್ನು ಕೇಳಿಕೊಂಡು ನಿರ್ಧಾರ ಮಾಡಿ.

ಆಖೆನ್‌ನಿಂದ:

ಮೊದಲ ಸಲ ಹೋಗುವವರಿಗೆ ಸಾಂಟೊರಿನಿ ಬಿಡಿ ಅನ್ನಲು ನನಗೆ ಮನಸ್ಸಿಲ್ಲ. ಮನೆಯಲ್ಲಿ ಅಮ್ಮ ಕೇಳುವುದೇ ಆ ನೀಲಿ ಗುಮ್ಮಟದ ಫೋಟೋ. ಒಂದು ಅಥವಾ ಎರಡು ರಾತ್ರಿ ಸಾಕು. ಬೆಳಗ್ಗೆ ಬಿಸಿಲೇರುವ ಮೊದಲು ಅಲ್ಲಿನ ಮುಖ್ಯ ಊರು ಫೀರಾದಿಂದ ಒಯಾಗೆ ಅಂಚಿನ ದಾರಿಯಲ್ಲಿ ನಡೆಯಿರಿ, ಸುಮಾರು 10 ಕಿಲೋಮೀಟರ್, ದುಡ್ಡಿಲ್ಲದೆ ಸಿಗುವ ಅತ್ಯುತ್ತಮ ನೋಟ ಅದು. ಮಧ್ಯದಲ್ಲಿ ನೀರು ಸಿಗದ ಭಾಗ ಇದೆ, ತುಂಬಿಸಿಕೊಂಡು ಹೊರಡಿ.

ಸ್ಟುಟ್‌ಗಾರ್ಟ್‌ನಿಂದ:

ಸರಿ, ಪಾರೊಸ್ ಮೂರು ರಾತ್ರಿ, ನಾಕ್ಸೊಸ್ ಮೂರು, ಸಾಂಟೊರಿನಿ ಎರಡು, ಕೊನೆಗೆ ಅಥೆನ್ಸ್ ಒಂದು ಅಂತ ಆಯಿತು. ಇವತ್ತು ರಾತ್ರಿ ಹಡಗಿನ ಟಿಕೆಟ್ ಬುಕ್ ಮಾಡುತ್ತೇವೆ. ಇನ್ನೇನಾದರೂ ಗಮನಿಸಬೇಕಾ?

ಡೆಲ್ಫ್ಟ್‌ನಿಂದ:

ಹೆಸರು. ನಮ್ಮಲ್ಲಿ ಇನಿಷಿಯಲ್ ಇರುವವರಿಗೆ ಇದು ದೊಡ್ಡ ತಲೆನೋವು. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ತುಂಬಿ, ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಏನಿದೆಯೋ ಅದೇ ಇರಲಿ. ಪಿರೇಯಸ್ ಬಂದರು ತುಂಬಾ ಉದ್ದ, ಗೇಟ್ ನಂಬರ್ ಮೊದಲೇ ನೋಡಿಕೊಳ್ಳಿ, ಒಂದು ಗೇಟಿನಿಂದ ಇನ್ನೊಂದಕ್ಕೆ ನಡೆಯಲು ಅರ್ಧ ಗಂಟೆಯೂ ಆಗಬಹುದು. ವಿಮಾನ ನಿಲ್ದಾಣದಿಂದ ಪಿರೇಯಸ್‌ಗೆ ಮೆಟ್ರೋ ನೇರ ಇದೆ, ರಾತ್ರಿ ಇಳಿದರೆ ಎಕ್ಸ್96 ಬಸ್. ಹಡಗು ಹತ್ತಿದ ತಕ್ಷಣ ಕೆಳಗಿನ ಗಾಡಿ ನಿಲ್ಲಿಸುವ ಕಡೆ ದ್ವೀಪದ ಹೆಸರು ಬರೆದ ಕಪಾಟುಗಳಿರುತ್ತವೆ, ನಿಮ್ಮ ದ್ವೀಪದ ಹೆಸರಿರುವ ಕಡೆ ದೊಡ್ಡ ಬ್ಯಾಗ್ ಇಡಿ, ಪಾಸ್‌ಪೋರ್ಟ್, ದುಡ್ಡು ಮಾತ್ರ ಮೈಮೇಲೆ. ಇಳಿಯುವ ಘೋಷಣೆ ಕೇಳಿದ ಕೂಡಲೇ ಕೆಳಗೆ ಬನ್ನಿ, ಹಡಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಪಾರೊಸ್‌ನಲ್ಲಿ ಇಳಿಯಬೇಕಾದವರು ನಾಕ್ಸೊಸ್‌ನಲ್ಲಿ ಇಳಿದದ್ದನ್ನು ನೋಡಿದ್ದೇನೆ.

ಮಿಲಾನ್‌ನಿಂದ:

ಮತ್ತೆ ಟಾಯ್ಲೆಟ್ ಪೇಪರ್ ಕಮೋಡ್‌ಗೆ ಹಾಕಬೇಡಿ, ಪಕ್ಕದ ಡಬ್ಬಿಗೆ. ಅಲ್ಲಿನ ಪೈಪು ಸಣ್ಣ, ಕಟ್ಟಿಕೊಂಡರೆ ಮನೆ ಮಾಲೀಕರ ಹತ್ತಿರ ನಾಲ್ಕು ಜನರೂ ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ.